ನೋಟು ಇಳಿಯದಿದ್ದರೆ ಕೂಲಿ ಇಳಿಯುತ್ತದೆ

ಸಂಜೆ ಹೊತ್ತು ರಾಯಚೂರು ಬಸ್ ನಿಲ್ದಾಣದಲ್ಲಿ ನಿಂತರೆ ಗುಳೆ ಹೊರಟವರು ಕಾಣುತ್ತಾರೆ. ಒಂದು ಚೀಲದಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಪಾತ್ರೆ, ಕಂಕುಳಲ್ಲಿ ಮಗು. ಬೆಂಗಳೂರಲ್ಲಿ ಕಟ್ಟಡದ ಕೆಲಸ. ಬರ, ಸಾಲ, ನೀರಿಲ್ಲದ ಹೊಲ ಎಂದು ಇದಕ್ಕೆ ಕಾರಣ ಹೇಳುತ್ತೇವೆ. ಜೇಬಿನಲ್ಲಿರುವ ನೋಟಿಗೂ ಇದಕ್ಕೂ ನಂಟಿದೆ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಕೆಂಪು ದೂಳು ಮೆತ್ತಿದ ಲಾರಿಗಳು ನಿಂತಲ್ಲೇ ನಿಂತವು. ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿ, ಒಗ್ಗರಣೆ-ಮಿರ್ಚಿ ಮಾರುವವರು, ಎಲ್ಲರಿಗೂ ಪೆಟ್ಟು ಬಿತ್ತು.

ಸುಮ್ನೆ ಹೀಗೆ ಯೋಚಿಸಿ. ಬಳ್ಳಾರಿಗೆ ‘ವರಹ’ ಅನ್ನೋ ತನ್ನದೇ ನೋಟು ಇದ್ದಿದ್ದರೆ? ಅದಿರು ಕೊಳ್ಳುವವರಿಲ್ಲದೆ ವರಹಕ್ಕೆ ಗಿರಾಕಿ ಕಮ್ಮಿಯಾಗಿ, ರೂಪಾಯಿ ಎದುರು ಅದರ ಬೆಲೆ ಇಳಿಯುತ್ತಿತ್ತು. ಬಳ್ಳಾರಿ ಜೀನ್ಸ್ ಹೊರಗಿನ ವ್ಯಾಪಾರಿಗೆ ಅಗ್ಗವಾಗುತ್ತಿತ್ತು. ಆರ್ಡರ್ ಜಾಸ್ತಿ, ಹೊಲಿಯುವವರಿಗೆ ಕೆಲಸವೂ ಜಾಸ್ತಿ. ಡೀಸೆಲ್, ಅಡುಗೆ ಎಣ್ಣೆ ತುಟ್ಟಿಯಾಗುತ್ತಿದ್ದವು, ನಿಜ. ಆದರೆ ನಷ್ಟ ಊರಿಗೆಲ್ಲ ಹಂಚಿಹೋಗುತ್ತಿತ್ತು. ರೂಪಾಯಿ ಇಡೀ ದೇಶದ್ದು, ಬಳ್ಳಾರಿಗೆ ಕಷ್ಟ ಬಂತೆಂದು ಇಳಿಯುವುದಿಲ್ಲ.

ಗ್ರೀಸ್ ದೇಶಕ್ಕೆ ಆದದ್ದೂ ಇದೇ. 2001ರಲ್ಲಿ ಅದು ತನ್ನದೇ ನೋಟಾದ ಡ್ರಾಕ್ಮಾ ಬಿಟ್ಟು, ಯೂರೋಪಿನ ಹಲವು ದೇಶಗಳು ಒಟ್ಟಿಗೆ ಬಳಸುವ ಯೂರೋ ಸೇರಿತು. ಕಡಿಮೆ ಬಡ್ಡಿಗೆ ಸಾಲ ಸಲೀಸಾಗಿ ಸಿಕ್ಕಿತು. ಸಂಬಳ, ಬೆಲೆ ಎರಡೂ ಏರಿದವು. ಅದೇ ವರ್ಷಗಳಲ್ಲಿ, ಅದೇ ಯೂರೋ ಬಳಸುವ ಜರ್ಮನಿಯಲ್ಲಿ ಸಂಬಳ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಹೀಗಾಗಿ ಜರ್ಮನಿಯ ಸಾಮಾನಿನ ಎದುರು ಗ್ರೀಸಿನದು ತುಟ್ಟಿಯಾಯಿತು. 2009ರ ಕೊನೆಗೆ ಗ್ರೀಸ್ ಸರ್ಕಾರದ ಬಜೆಟ್ ಕೊರತೆ, ಅಂದರೆ ಆದಾಯ ಮೀರಿದ ಖರ್ಚು, ಹೇಳಿದ್ದಕ್ಕಿಂತ ಎಷ್ಟೋ ದೊಡ್ಡದೆಂದು ಗೊತ್ತಾಯಿತು. ಸಾಲ ಕೊಡುವವರು ಹಿಂದೆ ಸರಿದರು. ಇಳಿಸೋಣ ಅಂದರೆ ಡ್ರಾಕ್ಮಾ ಎಲ್ಲಿದೆ?

ಕೊನೆಗೆ ಕೂಲಿಯನ್ನೇ ಇಳಿಸಿದರು. 2012ರಲ್ಲಿ ತಿಂಗಳ ಕನಿಷ್ಠ ಸಂಬಳ 751 ಯೂರೋದಿಂದ 586ಕ್ಕೆ ಬಂತು. 2013ರಲ್ಲಿ ದುಡಿಯಲು ಸಿದ್ಧರಿದ್ದವರಲ್ಲಿ ನೂರಕ್ಕೆ 27 ಮಂದಿಗೆ ಕೆಲಸವಿರಲಿಲ್ಲ. ಸಂಬಳ ಇಳಿಯಿತೆಂದು ಮನೆ ಸಾಲದ ಕಂತು ಇಳಿಯುತ್ತದೆಯೇ? ಕಂತು ಕಟ್ಟಿದವರ ಕೈಯಲ್ಲಿ ಸಂತೆಗೆ ದುಡ್ಡು ಉಳಿಯುವುದಿಲ್ಲ. ವ್ಯಾಪಾರ ಇಲ್ಲದ ಅಂಗಡಿಯವನು ಇನ್ನೊಬ್ಬನನ್ನು ಕೆಲಸದಿಂದ ತೆಗೆಯುತ್ತಾನೆ. ಜರ್ಮನಿಯಲ್ಲಿ ಸಂಬಳ ಒಂದಿಷ್ಟು ಏರಿದ್ದರೂ ಗ್ರೀಕರ ಸಂಬಳ ಇಷ್ಟು ಇಳಿಯಬೇಕಿರಲಿಲ್ಲ. ತಕ್ಕಡಿ ಸರಿಮಾಡುವ ಭಾರವನ್ನೆಲ್ಲ ಸಾಲಗಾರನ ತಟ್ಟೆಗೇ ಹಾಕಿದ್ದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಒಂದೇ ನೋಟು ಬಳಸುವ ಕಡೆ ಜನ ಕೆಲಸ ಹುಡುಕಿಕೊಂಡು ಸಲೀಸಾಗಿ ಹೋಗುವಂತಿರಬೇಕು ಎಂದು ಕೆನಡಾದ ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲೇ ಬರೆದಿದ್ದರು. ಯೂರೋಪಿನಲ್ಲಿ ಗಡಿ ತೆರೆದಿದ್ದರೂ ಭಾಷೆ ಅಡ್ಡ ಬರುತ್ತದೆ. ಐರೋಪ್ಯ ಒಕ್ಕೂಟದ ಬಜೆಟ್ಟೋ, ಸದಸ್ಯ ದೇಶಗಳ ಒಟ್ಟು ಆದಾಯದಲ್ಲಿ ನೂರಕ್ಕೆ ಒಂದರಷ್ಟು ಮಾತ್ರ; ಕಷ್ಟಕ್ಕೆ ಬಿದ್ದ ದೇಶವನ್ನು ಎತ್ತಲು ಅದು ಸಾಲದು. ನಮ್ಮಲ್ಲಿ ಬೆಂಗಳೂರಿನ ತೆರಿಗೆಯ ಒಂದು ಪಾಲು ರೇಷನ್ ಅಕ್ಕಿಯಾಗಿ, ಉದ್ಯೋಗ ಖಾತ್ರಿ ಕೂಲಿಯಾಗಿ ರಾಯಚೂರಿನ ಹಳ್ಳಿಗೆ ಬರುತ್ತದೆ. ಅದೂ ಸಾಲದಾದಾಗ ಜನ ಬಸ್ಸು ಹತ್ತುತ್ತಾರೆ.

ಮಂಡೆಲ್ ಹೇಳಿದ್ದು ಈ ಓಡಾಟವನ್ನೇ ಅಲ್ವಾ? ಬೆಂಗಳೂರಿಗೆ ಕೂಲಿಯಾಳು ಸಿಕ್ಕರು, ಇವರಿಗೆ ಕೂಲಿ ಸಿಕ್ಕಿತು. ಕಂಕುಳಲ್ಲಿದ್ದ ಮಗುವಿಗೆ ಊರಿನ ಅಂಗನವಾಡಿ ತಪ್ಪಿತು. ಬೀಗ ಹಾಕಿದ ಮನೆಗಳ ನಡುವೆ, ಕಟ್ಟೆಯ ಮೇಲೆ, ಅಜ್ಜ-ಅಜ್ಜಿಯರು ಹಬ್ಬಕ್ಕೆ ಯಾರು ಬರುತ್ತಾರೆಂದು ಎಣಿಸುತ್ತಾ ಕೂತಿರುತ್ತಾರೆ.