ಎರಡು ಇಂಚು ಲಿಫ್ಟ್‌ಗೆ ಎರಡು ಇಂಚು ಹೆಚ್ಚು ಉದ್ದದ ಶಾಕ್ ಬೇಡ

"ಅಣ್ಣಾ, ಜಿಪ್ಸಿಗೆ ಎರಡು ಇಂಚು ಲಿಫ್ಟ್ ಮಾಡ್ಸಿದೀನಿ. ಹಳೇದಕ್ಕಿಂತ ಎರಡು ಇಂಚು ಉದ್ದ ಇರೋ ಶಾಕ್ ಹಾಕ್ಬಿಡಿ." ಗ್ಯಾರೇಜಿಗೆ ಹೀಗೆ ಹೇಳಿಕೊಂಡು ಬರುವವರು ತುಂಬಾ ಜನ. ಕೆಲವರು ಶಾಕ್ ಅಬ್ಸಾರ್ಬರ್ ಕೊಂಡುಕೊಂಡೇ ಬಂದಿರುತ್ತಾರೆ. ಅಷ್ಟು ಆಸೆಯಿಂದ ತಂದವರಿಗೆ ಬೇಡ ಅನ್ನುವುದು ನನಗೂ ಕಷ್ಟ. ಆದರೂ ಹೇಳಲೇಬೇಕು.

ಲಿಫ್ಟ್ ಮಾಡಿದಾಗ ಏರುವುದು ಗಾಡಿ ನಿಂತಿರುವ ಎತ್ತರ. ಗುಂಡಿಗೆ ಬಿದ್ದಾಗ ಚಕ್ರಗಳನ್ನು ಹಿಡಿದಿರುವ ಆಕ್ಸಲ್ ಮೇಲಕ್ಕೆ ಎಲ್ಲಿಯವರೆಗೆ ಬರುತ್ತದೆ? ಮೊದಲು ಬರುತ್ತಿದ್ದ ಜಾಗಕ್ಕೇ. ಅದನ್ನು ತಡೆಯುವ ಬಂಪ್ ಸ್ಟಾಪ್ ರಬ್ಬರ್ ಚಾಸಿಯಲ್ಲಿ ಹಳೇ ಜಾಗದಲ್ಲೇ ಇದೆ. ಅದನ್ನು ಯಾರೂ ಕೆಳಗಿಳಿಸಿಲ್ಲ, ಅಲ್ವಾ?

ಈಗ ಶಾಕ್ ನೋಡಿ. ಒಳಗಿನ ರಾಡ್ ಉದ್ದವಾದರೆ ಅದು ಕೂರುವ ಕೊಳವೆಯೂ ಉದ್ದವಾಗಬೇಕು. ಹಳೆಯದು ಎಳೆದಾಗ 21 ಇಂಚು, ಒತ್ತಿದಾಗ 13 ಅಂದುಕೊಳ್ಳಿ. ಎಳೆದಾಗ 23 ಇಂಚು ಬರುವ ಶಾಕ್ ಒತ್ತಿದಾಗ ಸುಮಾರು 14ಕ್ಕೆ ನಿಲ್ಲುತ್ತದೆ. ರಬ್ಬರ್ ಪೂರ್ತಿ ಹಿಸುಕಿದಾಗ ನಿಮ್ಮ ಗಾಡಿಯಲ್ಲಿ ಶಾಕ್‌ಗೆ ಇರುವ ಜಾಗ ಹದಿಮೂರೂವರೆ ಇಂಚು ಮಾತ್ರ ಆದರೆ? ರಬ್ಬರ್ ತಿನ್ನಬೇಕಾದ ಏಟನ್ನು ಶಾಕ್ ತಿನ್ನುತ್ತದೆ. ರಾಡ್ ಬಾಗುತ್ತದೆ, ಇಲ್ಲವೇ ಬ್ರಾಕೆಟ್ ಬಿರಿಯುತ್ತದೆ. ಇವು ಉದಾಹರಣೆಯ ಅಳತೆಗಳು. ನಿಮ್ಮದನ್ನು ನೀವೇ ಟೇಪ್ ಹಿಡಿದು ಅಳೆಯಬೇಕು.

ಸಕಲೇಶಪುರದ ಕಡೆಯ ಕಾಫಿ ತೋಟದ ಗೌಡ್ರು ಒಬ್ಬರು ಒಂದೇ ಮಳೆಗಾಲದಲ್ಲಿ ಎರಡು ಜೊತೆ ಶಾಕ್ ಹಾಳುಮಾಡಿಕೊಂಡು ಬಂದರು. "ಮಾಲೇ ಸರಿ ಇಲ್ಲ ಕಣಯ್ಯ" ಅಂತ ಸಿಟ್ಟು. ಗಾಡಿ ಕೆಳಗೆ ಹೋಗಿ ಟಾರ್ಚ್ ಬಿಟ್ಟೆ. ಬಂಪ್ ಸ್ಟಾಪ್ ತುದಿಯಲ್ಲಿ ಕೆಂಪು ಮಣ್ಣು ಒಣಗಿ ಹಾಗೇ ಕೂತಿತ್ತು. ಪಕ್ಕದಲ್ಲಿ ಜೇಡರ ಬಲೆ. ತೋಟದ ಅಂಥಾ ರಸ್ತೆಯಲ್ಲಿ ಓಡಿದ ಗಾಡಿಯಲ್ಲಿ ಆಕ್ಸಲ್ ಒಂದು ಸಲವೂ ರಬ್ಬರನ್ನು ಮುಟ್ಟಿಲ್ಲ! ಏಟೆಲ್ಲ ಆ ಉದ್ದದ ಶಾಕ್‌ಗೇ ಬಿದ್ದಿತ್ತು. ಗೌಡ್ರನ್ನೂ ಬಗ್ಗಿಸಿ ತೋರಿಸಿದೆ. ಆಮೇಲೆ ಅವರು ಮಾತಾಡಲಿಲ್ಲ, ಕಾಫಿ ತರಿಸಿದರು.

ಅಳೆಯುವುದು ಹೀಗೆ. ಶಾಕ್ ಬಿಚ್ಚಿ. ಒಂದು ಚಕ್ರವನ್ನು ಆಕ್ಸಲ್ ರಬ್ಬರಿಗೆ ಒತ್ತುವವರೆಗೆ ಎತ್ತಿ. ಮೇಲಿನ ಬೋಲ್ಟ್‌ನಿಂದ ಕೆಳಗಿನ ಬೋಲ್ಟ್‌ಗೆ ಅಳತೆ ಹಿಡಿಯಿರಿ. ವೇಗದಲ್ಲಿ ರಬ್ಬರ್ ಇನ್ನೂ ಹಿಸುಕುತ್ತದೆ, ಅದನ್ನೂ ಕಳೆಯಿರಿ. ಅಷ್ಟಾದ ಮೇಲೂ ಶಾಕ್‌ನಲ್ಲಿ ಅರ್ಧ ಇಂಚಾದರೂ ಉಳಿದಿರಬೇಕು. ನಂತರ ಚಾಸಿ ಎತ್ತಿ, ಚಕ್ರ ನೇತುಬಿಟ್ಟು ಮತ್ತೆ ಅಳೆಯಿರಿ. ಜಿಪ್ಸಿಯಂಥ ಪ್ಲೇಟ್ ಸ್ಪ್ರಿಂಗ್ ಗಾಡಿಯಲ್ಲಿ ಶಾಕ್ ಅದಕ್ಕಿಂತ ಸ್ವಲ್ಪ ಜಾಸ್ತಿ ಚಾಚಬೇಕು. ನೇತಾಡುವ ಆಕ್ಸಲ್‌ನ ಭಾರ ಶಾಕ್ ಮೇಲೆ ಬೀಳಬಾರದು. ಕಾಯಿಲ್ ಸ್ಪ್ರಿಂಗ್ ಗಾಡಿಗಳ ಲೆಕ್ಕ ಬೇರೆ. ಅದನ್ನು ಇದರ ಜೊತೆ ಕಲಸಬೇಡಿ.

ಎರಡೂ ಅಳತೆಗೆ ಹೊಂದುವ ಶಾಕ್ ಸಿಗದಿದ್ದರೆ ಬಂಪ್ ಸ್ಟಾಪ್ ಕೆಳಗಿಳಿಸಬಹುದು. ಒಂದು ಇಂಚು ಇಳಿಸಿದರೆ ಆಕ್ಸಲ್ ಮೇಲೆ ಬರುವುದೂ ಒಂದು ಇಂಚು ಕಮ್ಮಿಯಾಗುತ್ತದೆ. ಗೌಡ್ರಿಗೆ ನಾನು ಹಾಗೇ ಮಾಡಿಕೊಟ್ಟೆ. ಗಟ್ಟಿ ಶಾಕ್ ಹಾಕಿದರೆ ಮೂಟೆ ತಡೆಯುತ್ತದೆ ಅನ್ನುವವರಿಗೆ ಒಂದೇ ಮಾತು: ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ.

ಚಕ್ರ ನೇತಾಡುವಾಗಲೇ ಬ್ರೇಕ್ ಹೋಸ್ ಮುಟ್ಟಿ ನೋಡಿ. ತಂತಿ ಹಾಗೆ ಬಿಗಿದಿದ್ದರೆ ಶಾಕ್ ಮಾತು ಆಮೇಲೆ, ಮೊದಲು ಹೋಸ್ ಬದಲಿಸಿ. ಹಾಗೇ, ಲಿಫ್ಟ್ ಮಾಡಿಸುವ ಮುಂಚೆ ಆರ್‌ಟಿಒದಲ್ಲೂ ಇನ್ಶೂರೆನ್ಸಿನವರಲ್ಲೂ ಕೇಳಿಕೊಳ್ಳಿ.