ಅಂಡಮಾನ್‌ಗೆ ಆರಾಮಕ್ಕೆ ಅಂತ ಹೋಗೋದಾದ್ರೆ ಯಾವ ದ್ವೀಪ, ಯಾವ ದಿನ?

ಪ್ರಶ್ನೆ: ನಾನು, ನನ್ನ ಗೆಳತಿ ಜನವರಿ ಇಲ್ಲಾ ಫೆಬ್ರವರಿಯಲ್ಲಿ ಆರು ದಿನ ಅಂಡಮಾನ್‌ಗೆ ಹೋಗೋಣ ಅಂದುಕೊಂಡಿದ್ದೇವೆ. ಇಬ್ಬರಿಗೂ ಆಫೀಸ್ ಕೆಲಸದಲ್ಲಿ ಸುಸ್ತಾಗಿದೆ. ನೋಡೋ ಜಾಗಗಳ ಪಟ್ಟಿ ಬೇಡ. ಸಮುದ್ರದ ಪಕ್ಕ ಸುಮ್ನೆ ಇರಬೇಕು, ಬೇಕಾದಾಗ ನೀರಿಗೆ ಇಳಿಯಬೇಕು. ಯಾವ ದ್ವೀಪ, ಯಾವ ಬೀಚ್, ಎಷ್ಟು ದಿನ ಇರಬೇಕು?

ಉತ್ತರ: ಹ್ಯಾವ್ಲಾಕ್. ನಾಲ್ಕು ರಾತ್ರಿ ಅಲ್ಲೇ ಇರಿ. ದಿನಾಂಕ ಗೊತ್ತು ಮಾಡೋಕೆ ಮುಂಚೆ ಮನೆ ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್ ಒಮ್ಮೆ ನೋಡಿ.

ಕ್ಯಾಲೆಂಡರ್ ಯಾಕೆ ಅಂತ ಹೇಳೋಕೆ ನಮ್ಮದೇ ಪೆದ್ದುತನದಿಂದ ಶುರು ಮಾಡಬೇಕು. ನಾನೂ ನನ್ನ ಗೆಳತಿಯೂ ಹ್ಯಾವ್ಲಾಕ್‌ನ ಪೂರ್ವದ ಕಡೆ, ವಿಜಯನಗರ ಬೀಚಿಗೆ ತಾಗಿಕೊಂಡೇ ಇದ್ದ ಕಾಟೇಜಿನಲ್ಲಿ ಉಳಿದಿದ್ದೆವು. ಸಂಜೆ ತಲುಪಿದಾಗ ನೀರು ಹೆಚ್ಚುಕಡಿಮೆ ತೆಂಗಿನ ಮರದ ಬುಡದವರೆಗೂ ಬಂದಿತ್ತು. ಬೆಳಿಗ್ಗೆ ಎದ್ದ ಕೂಡಲೇ ಈಜೋದು ಅಂತ ಮಾತಾಡಿಕೊಂಡು ಮಲಗಿದೆವು. ಬೆಳಿಗ್ಗೆ ಅವಳು ಬಾಗಿಲು ತೆಗೆದು ಹೊರಗೆ ನಿಂತವಳು ಅಲ್ಲಿಂದಲೇ ಕೂಗಿದಳು, "ಲೇ, ಸಮುದ್ರ ಎಲ್ಲಿ ಹೋಯ್ತೇ?"

ನಿಜವಾಗಿಯೂ ಇರಲಿಲ್ಲ. ನಿನ್ನೆ ನೀರಿದ್ದ ಕಡೆ ಕಂದು ಬಣ್ಣದ ಕಲ್ಲುಹಾಸು, ಮಧ್ಯೆ ಮಧ್ಯೆ ಸಣ್ಣ ಸಣ್ಣ ಗುಂಡಿ, ಗುಂಡಿಯಲ್ಲಿ ಏಡಿ. ಒಂದು ದೋಣಿ ಮಗ್ಗುಲಿಗೆ ವಾಲಿಕೊಂಡು ನೆಲದ ಮೇಲೆ ಕೂತಿತ್ತು. ನೀರು ದೂರದಲ್ಲೊಂದು ಗೆರೆಯ ಹಾಗೆ ಕಾಣುತ್ತಿತ್ತು. ನಾನು ಬುದ್ಧಿವಂತೆ, ಬರಿಗಾಲಲ್ಲಿ ಅಲ್ಲಿವರೆಗೂ ನಡೆದುಕೊಂಡು ಹೋಗೋಣ ಅಂದೆ. ಇಪ್ಪತ್ತು ಹೆಜ್ಜೆಗೆ ಹಿಮ್ಮಡಿ ಕುಯ್ದುಕೊಂಡಿತು. ನಾನು ಕಲ್ಲು ಅಂದುಕೊಂಡಿದ್ದು ಹವಳ. ಹವಳದ ಗಾಯ ಬೇಗ ವಾಸಿ ಆಗೋಲ್ಲ. ಊರಿಗೆ ಬಂದು ಒಂದು ವಾರ ಆದರೂ ಚಪ್ಪಲಿ ಹಾಕೋಕೆ ಆಗುತ್ತಿರಲಿಲ್ಲ.

ಆಗಿದ್ದು ಇಷ್ಟೇ. ಅಂಡಮಾನ್‌ನಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ಮಧ್ಯೆ ಸುಮಾರು ಆರೂಕಾಲು ಗಂಟೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದಾಗ ಈ ಏರಿಳಿತ ಜಾಸ್ತಿ, ಹತ್ತಿರಹತ್ತಿರ 2 ಮೀಟರ್, ಅಂದರೆ ಆರು ಅಡಿಗೂ ಮೇಲೆ. ಆರು ಅಡಿ ಕೇಳೋಕೆ ಏನೂ ಅನ್ನಿಸೋಲ್ಲ. ಆದರೆ ಹ್ಯಾವ್ಲಾಕ್‌ನ ಪೂರ್ವದ ದಡ ತಟ್ಟೆಯ ಹಾಗೆ ಚಪ್ಪಟೆ. ನೂರು ಅಡಿ ನಡೆದರೆ ಒಂದು ಅಡಿ ಇಳಿಯುವಂಥ ನೆಲ ಅಂದುಕೊಳ್ಳಿ. ನೀರು ಆರು ಅಡಿ ಇಳಿದರೆ ದಡ ಆರುನೂರು ಅಡಿ ಹಿಂದಕ್ಕೆ ಹೋಗುತ್ತದೆ. ನಮ್ಮ ಮರವಂತೆಯಲ್ಲೂ ಉಬ್ಬರ ಇಳಿತ ಇದ್ದೇ ಇದೆ. ಅಲ್ಲಿ ದಡ ಇಷ್ಟು ಚಪ್ಪಟೆ ಇಲ್ಲ, ಅದಕ್ಕೇ ನಮ್ಮ ಕಣ್ಣಿಗೆ ಬೀಳೋಲ್ಲ.

ಈಗ ಕ್ಯಾಲೆಂಡರ್ ವಿಷಯ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ, ಚಂದ್ರ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುತ್ತಾರೆ. ಅಷ್ಟಮಿ, ನವಮಿ ಹೊತ್ತಿಗೆ ಅವರಿಬ್ಬರ ಎಳೆತ ಅಡ್ಡಡ್ಡ ಆಗುತ್ತದೆ, ಅರ್ಧ ಚಂದ್ರ ಕಾಣೋ ದಿನಗಳು ಅವು. ಆಗ ಏರಿಳಿತ ಸುಮಾರು ಅರ್ಧಕ್ಕೆ ಬಂದು ನಿಲ್ಲುತ್ತದೆ. ಅಂದರೆ ಕಾಟೇಜಿನ ಮುಂದಿನ ಸಮುದ್ರ ಅಷ್ಟು ದೂರ ಓಡಿಹೋಗೋಲ್ಲ. ನಿಮ್ಮ ಹಾಗೆ ಸುಮ್ನೆ ಇರೋಕೆ ಹೋಗುವವರು ಅಷ್ಟಮಿ, ನವಮಿ ದಿನಗಳನ್ನು ಹ್ಯಾವ್ಲಾಕ್‌ನಲ್ಲೇ ಕಳೆಯುವ ಹಾಗೆ ಟಿಕೆಟ್ ಮಾಡಿಸಿದರೆ ಒಳ್ಳೆಯದು. ಅಷ್ಟಮಿ ನವಮಿ ದಿನ ಪ್ರಯಾಣ ಬೇಡ ಅಂತ ಅಮ್ಮ ಅಂದೇ ಅನ್ನುತ್ತಾರೆ. ಸಪ್ತಮಿ ದಿನವೇ ಹೊರಟುಬಿಡಿ, ಅವರಿಗೂ ಸಮಾಧಾನ.

ಇನ್ನೊಂದು ಲೆಕ್ಕವನ್ನೂ ತಲೆಯಲ್ಲಿ ಇಟ್ಟುಕೊಳ್ಳಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ನೀರು ತುಂಬಿದ್ದರೆ ನಾಳೆ ಎಂಟೂ ಮುಕ್ಕಾಲರ ನಂತರ. ಹೋದ ದಿನವೇ ಕಾಟೇಜಿನವರನ್ನೋ ದೋಣಿಯವರನ್ನೋ ಕೇಳಿ, ಹೇಳುತ್ತಾರೆ. ಫೋನಿನಲ್ಲೂ ಸಿಗುತ್ತದೆ. ನಾವು ಎರಡನೇ ದಿನದಿಂದ ಕಾಟೇಜಿನ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದಿಟ್ಟುಕೊಂಡೆವು. ತಿಂಡಿ, ಊಟ, ನಿದ್ದೆ ಎಲ್ಲ ಆ ಚೀಟಿ ಹೇಳಿದ ಹಾಗೆ. ನೀರು ತುಂಬಿದಾಗ ಮನೆ ಮುಂದೆಯೇ ಮುಳುಗಿ ಏಳೋದು, ಇಳಿದಾಗ ಸ್ಕೂಟಿ ತಗೊಂಡು ರಾಧಾನಗರಕ್ಕೆ.

ರಾಧಾನಗರ ದ್ವೀಪದ ಪಶ್ಚಿಮದಲ್ಲಿದೆ. ಅಲ್ಲಿ ಕಾಲಿಗೆ ಹವಳ ಸಿಗೋಲ್ಲ. ಬರೀ ಮರಳು, ಬಿಳಿ ಹಿಟ್ಟಿನ ಹಾಗಿರೋ ಮರಳು. ಹಾಗಾಗಿ ಇಳಿತದಲ್ಲೂ ನೀರಿಗೆ ಇಳಿಯಬಹುದು. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಅಂತ ಕರೆದಿತ್ತು. ಆವತ್ತಿಂದ ಪ್ಯಾಕೇಜಿನವರ ಬಾಯಲ್ಲಿ ಅದೇ ಮಾತು. 2020ರಲ್ಲಿ ನಮ್ಮ ದೇಶದ ಎಂಟು ಬೀಚುಗಳಿಗೆ ಮೊದಲ ಸಲ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್ ಅನ್ನೋ ಅಂತಾರಾಷ್ಟ್ರೀಯ ಮನ್ನಣೆ, ಸಿಕ್ಕಿತಲ್ಲ, ಅದರಲ್ಲಿ ರಾಧಾನಗರವೂ ಇತ್ತು. ನಮ್ಮ ಹೊನ್ನಾವರದ ಕಾಸರಕೋಡು, ಪಡುಬಿದ್ರಿ ಕೂಡ ಅದೇ ಪಟ್ಟಿಯಲ್ಲಿದ್ದವು. ದಡದ ಉದ್ದಕ್ಕೂ ದೊಡ್ಡ ದೊಡ್ಡ ಮರ, ಕೆಳಗೆ ಒಳ್ಳೆ ನೆರಳು. ಬೆಡ್‌ಶೀಟ್ ಹಾಸಿಕೊಂಡು ಮಲಗಿದರೆ ಎದ್ದೇಳೋಕೆ ಮನಸ್ಸು ಬರೋಲ್ಲ. ಮರಳಿನ ನೊಣಗಳು ಮಾತ್ರ ಎಬ್ಬಿಸುತ್ತವೆ. ಕಣ್ಣಿಗೇ ಕಾಣೋಲ್ಲ, ಕಚ್ಚಿದ ಕಡೆ ಎರಡು ದಿನ ನವೆ. ಕೊಬ್ಬರಿ ಎಣ್ಣೆ ಕಾಲಿಗೆ ದಪ್ಪಗೆ ಹಚ್ಚಿಕೊಂಡು ಕೂತರೆ ಸ್ವಲ್ಪ ಕಡಿಮೆ ಅಂತ ನಮಗೆ ಅನ್ನಿಸಿತು.

ಮೊಸಳೆ ವಿಷಯ ಹೇಳಲೇಬೇಕು, ಹೆದರಿಸೋಕೆ ಅಲ್ಲ. ಅಂಡಮಾನ್‌ನಲ್ಲಿ ಉಪ್ಪು ನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ ಒಬ್ಬ ಪ್ರವಾಸಿ ಮೊಸಳೆಗೆ ಬಲಿಯಾಗಿದ್ದರು. ಎಲ್ಲಿ ಈಜಬೇಕು, ಎಲ್ಲಿ ಬೇಡ ಅಂತ ಬೋರ್ಡ್ ಹಾಕಿದ್ದಾರೆ, ಕಾವಲಿಗೆ ಜನ ಇದ್ದಾರೆ. ಅವರು ಸೀಟಿ ಊದಿದರೆ ಮರುಮಾತಿಲ್ಲದೆ ಎದ್ದು ಬನ್ನಿ. ಉಪ್ಪು ನೀರಿನ ಕೆಸರಲ್ಲಿ ಬೆಳೆಯೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ, ಹಳ್ಳ ಸಮುದ್ರಕ್ಕೆ ಸೇರೋ ಕಡೆ, ಕತ್ತಲಾದ ಮೇಲೆ ಎಲ್ಲೇ ಆಗಲಿ, ನೀರಿಗೆ ಇಳಿಯಬೇಡಿ.

ಕತ್ತಲು ಅಂದೆನಲ್ಲ, ಅಲ್ಲಿ ಅದು ಬೇಗ ಬರುತ್ತದೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೆಂಗಳೂರಿಗಿಂತ ಒಂದು ಗಂಟೆ ಮುಂದೆ. ಜನವರಿಯಲ್ಲಿ ಐದೂಕಾಲರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆ ಆರಕ್ಕೆ ಮುಂಚೆಯೇ ಎದ್ದಿರುತ್ತಾನೆ. ಹತ್ತು ಗಂಟೆಗೆ ಎದ್ದು ತಿಂಡಿ ತಿಂದು ಹೊರಟರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ರಜೆಯಲ್ಲೂ ಬೇಗ ಏಳಬೇಕಾ ಅಂತ ನನ್ನ ಗೆಳತಿ ಗೊಣಗಿದಳು. ಆದರೆ ರಾತ್ರಿ ಎಂಟಕ್ಕೆಲ್ಲ ಕಣ್ಣು ಎಳೆಯೋಕೆ ಶುರುವಾಗುವುದರಿಂದ ಮೂರನೇ ದಿನಕ್ಕೆ ತಾನಾಗಿಯೇ ಹೊಂದಿಕೊಂಡಳು.

ಅಂದಹಾಗೆ, ಹ್ಯಾವ್ಲಾಕ್ ಈಗ ಕಾಗದದಲ್ಲಿ ಸ್ವರಾಜ್ ದ್ವೀಪ, ಪಕ್ಕದ ನೀಲ್ ಅನ್ನೋ ದ್ವೀಪ ಈಗ ಶಹೀದ್ ದ್ವೀಪ. 2018ರ ಡಿಸೆಂಬರ್‌ನಲ್ಲಿ ಹೆಸರು ಬದಲಾಯಿತು. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಟಿಕೆಟ್‌ನಲ್ಲಿ ಹೊಸ ಹೆಸರು ಕಂಡರೆ ಗಾಬರಿ ಬೇಡ. ದ್ವೀಪದ ಒಳಗಂತೂ ಊರುಗಳಿಗೆ ನಂಬರೇ ಹೆಸರು. ಗೋವಿಂದನಗರ ತೀನ್ ನಂಬರ್, ವಿಜಯನಗರ ಪಾಂಚ್ ನಂಬರ್, ರಾಧಾನಗರ ಸಾತ್ ನಂಬರ್. ತೀನ್ ನಂಬರ್‌ನಲ್ಲಿ ಮಾರ್ಕೆಟ್ ಇದೆ, ದಾರಿ ಎರಡಾಗೋದೂ ಅಲ್ಲೇ. ಇಲ್ಲಿನ ಬಹಳ ಜನರ ಹಿರಿಯರು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆ ನಿಂತವರು. ಹಾಗಾಗಿ ರೆಸಾರ್ಟಿನ ಪಾಸ್ತಾ ಬಿಟ್ಟು ಮಾರ್ಕೆಟ್ಟಿನ ಸಣ್ಣ ಹೋಟೆಲಿಗೆ ಹೋಗಿ. ಅನ್ನ, ಬೇಳೆ, ಸಾಸಿವೆ ಎಣ್ಣೆಯ ಮೀನು ಸಾರು, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ಮೀನು ತಿನ್ನದವರಿಗೂ ಹೊಟ್ಟೆ ತುಂಬುತ್ತದೆ. ನಗದು ಸ್ವಲ್ಪ ಜಾಸ್ತಿಯೇ ಇಟ್ಟುಕೊಂಡು ಹೋಗಿ. ಚೆನ್ನೈಯಿಂದ ಸಮುದ್ರದ ಅಡಿಯಲ್ಲಿ ಎಳೆದ ಕೇಬಲ್ 2020ರಲ್ಲಿ ಶುರುವಾದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ. ಆದರೂ ಪೇಮೆಂಟ್ ಸುತ್ತುತ್ತಾ ನಿಂತಾಗ ಮೀನಿನ ಸಾರು ಆರಿಹೋಗುತ್ತದೆ, ಅಲ್ವಾ.

ಈಗ ಪ್ಯಾಕೇಜಿನವರ ವಿಷಯ. ನಮಗೆ ಮೊದಲು ಒಬ್ಬರು ಕೊಟ್ಟ ಪಟ್ಟಿಯಲ್ಲಿ ಆರು ದಿನಕ್ಕೆ ಮೂರು ದ್ವೀಪ, ಐದು ದೋಣಿ ಪ್ರಯಾಣ, ಜೊತೆಗೆ ಬಾರಾಟಾಂಗ್ ಗುಹೆ ಇತ್ತು. ಬಾರಾಟಾಂಗ್‌ಗೆ ರಾತ್ರಿ ಮೂರಕ್ಕೆ ಎದ್ದು ಹೊರಡಬೇಕು. ದಾರಿ ಜಾರವಾ ಅನ್ನೋ ಬುಡಕಟ್ಟು ಜನರ ಕಾಡಿನ ಮಧ್ಯೆ ಹೋಗುತ್ತದೆ. ವಾಹನಗಳನ್ನು ಸಾಲಾಗಿ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ಜಾರವಾ ಜನರ ಫೋಟೋ ತೆಗೆಯೋದು ಅಪರಾಧ. ಹಾಗಿದ್ದೂ ಕಿಟಕಿಗೆ ಮುಖ ಒತ್ತಿಕೊಂಡು ಕೂರುವ ಜನರೇ ಹೆಚ್ಚು. ನನಗೆ ಅದು ಸರಿ ಕಾಣಲಿಲ್ಲ, ಬಿಟ್ಟೆವು. ಹ್ಯಾವ್ಲಾಕ್‌ನಲ್ಲೇ ಇರೋ ಎಲಿಫೆಂಟ್ ಬೀಚಿಗೆ ಒಂದು ಬೆಳಿಗ್ಗೆ ಹೋಗಬಹುದು. ಮುಖ ನೀರಲ್ಲಿಟ್ಟು ತೇಲುತ್ತಾ ಹವಳ, ಮೀನು ನೋಡೋಕೆ ಅದು ಒಳ್ಳೆ ಜಾಗ. ಈಜು ಬರದಿದ್ದರೂ ಲೈಫ್ ಜಾಕೆಟ್ ಹಾಕಿಸಿ ಕರೆದುಕೊಂಡು ಹೋಗುತ್ತಾರೆ. ತೋಳಿನ ಅಂಗಿ ಹಾಕಿಕೊಳ್ಳಿ. ನೀರು ತಣ್ಣಗಿರುವುದರಿಂದ ಬೆನ್ನು ಸುಡುತ್ತಿರೋದು ಗೊತ್ತೇ ಆಗೋಲ್ಲ, ರಾತ್ರಿ ಮಲಗುವಾಗ ಗೊತ್ತಾಗುತ್ತದೆ. ಕಾಲು ಮಾತ್ರ ಹವಳದ ಮೇಲೆ ಊರಬೇಡಿ. ನನ್ನ ಹಿಮ್ಮಡಿ ವಾಸಿಯಾಯಿತು. ನಾವು ತುಳಿದು ಮುರಿದ ಹವಳ ಮತ್ತೆ ಅಷ್ಟು ಬೆಳೆಯೋಕೆ ವರ್ಷಗಳೇ ಬೇಕು.

ನೀಲ್ ದ್ವೀಪವನ್ನು ಬಿಡಿ ಅಂತ ಹೇಳೋಕೆ ನನಗೂ ಕಷ್ಟ. ಸೈಕಲ್ಲಿನಲ್ಲೇ ಸುತ್ತಬಹುದಾದಷ್ಟು ಚಿಕ್ಕದು, ಗಲಾಟೆ ಕಡಿಮೆ. ಬೀಚುಗಳ ಹೆಸರೂ ಚೆಂದ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಆದರೆ ಲಕ್ಷ್ಮಣಪುರದ ಆ ಪ್ರಸಿದ್ಧ ಕಲ್ಲಿನ ಕಮಾನಿನ ಹತ್ತಿರ ಹೋಗಬೇಕಾದರೆ ಒಳ್ಳೆ ಇಳಿತ ಬೇಕು, ಅಂದರೆ ಹುಣ್ಣಿಮೆ, ಅಮಾವಾಸ್ಯೆಯ ದಿನಗಳು. ನಿಮ್ಮ ಅಷ್ಟಮಿಗೆ ಅದು ಹೊಂದೋಲ್ಲ. ಎಂಟು ದಿನ ರಜೆ ಸಿಕ್ಕಾಗ ನೋಡೋಣ.

ಇಬ್ಬರು ಗೆಳತಿಯರು ಅಂದಿದ್ದೀರಿ, ಅದಕ್ಕೊಂದು ಸಲಹೆ. ಸ್ಕೂಟಿ ಎರಡು ತಗೊಳ್ಳಿ. ದುಡ್ಡು ಉಳಿಸೋಕೆ ಅಂತ ನಾವು ಒಂದೇ ತಗೊಂಡಿದ್ದೆವು. ಅವಳಿಗೆ ಮಧ್ಯಾಹ್ನ ಮಾರ್ಕೆಟ್ ಸುತ್ತುವ ಆಸೆ, ನನಗೆ ನಿದ್ದೆ. ಮೊದಲ ದಿನ ಅವಳಿಗಾಗಿ ನಾನು ಹೋದೆ, ಎರಡನೇ ದಿನ ನನಗಾಗಿ ಅವಳು ಹಾಸಿಗೆಯಲ್ಲಿ ಹೊರಳಾಡಿದಳು. ಸಂಜೆ ಇಬ್ಬರ ಮುಖವೂ ಗಂಟು. ಮೂರನೇ ದಿನ ಇನ್ನೊಂದು ಸ್ಕೂಟಿ ಬಂತು, ಮಾತೂ ವಾಪಸ್ ಬಂತು. ಒಬ್ಬರಿಗೆ ಸ್ಕೂಬಾ ಡೈವಿಂಗ್ ಬೇಕು, ಇನ್ನೊಬ್ಬರಿಗೆ ನೀರಿನ ಭಯ ಅಂದರೂ ಹೀಗೇ, ಒತ್ತಾಯ ಮಾಡೋದು ಬೇಡ. ಡೈವ್ ಮಾಡುವವರು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ನೀರಿನ ಅಡಿ ಉಸಿರಾಡಿದಾಗ ರಕ್ತದಲ್ಲಿ ಸೇರೋ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗಬೇಕು. ವಿಮಾನ ಹತ್ತೋಕೆ ಮುಂಚೆ 18 ಗಂಟೆಯಾದರೂ ಬಿಡುವು ಕೊಡಿ.

ದಿನಗಳನ್ನು ಹೀಗೆ ಹಾಕಿಕೊಳ್ಳಿ. ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಮೂರು ಗಂಟೆಯೊಳಗೆ ಪೋರ್ಟ್ ಬ್ಲೇರ್. ಬೆಳಗಿನ ವಿಮಾನ ಹಿಡಿದರೆ ಅವತ್ತೇ ಮಧ್ಯಾಹ್ನದ ಫೆರಿಯಲ್ಲಿ ಹ್ಯಾವ್ಲಾಕ್ ಸೇರಬಹುದು. ಖಾಸಗಿ ಫೆರಿಯಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ ಅಂದುಕೊಳ್ಳಿ. ಸರ್ಕಾರಿ ಹಡಗು ನಿಧಾನ, ಆದರೆ ಹೊರಗೆ ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು. ಖಾಸಗಿಯದರಲ್ಲಿ ಏಸಿ ಹಾಕಿ ಒಳಗೆ ಕೂರಿಸುತ್ತಾರೆ. ವಾಂತಿ ಬರುವವರಾದರೆ ಅರ್ಧ ಗಂಟೆ ಮುಂಚೆಯೇ ಮಾತ್ರೆ ನುಂಗಿ. ಐದನೇ ದಿನ ಮಧ್ಯಾಹ್ನ ವಾಪಸ್ ಪೋರ್ಟ್ ಬ್ಲೇರ್‌ಗೆ ಬಂದುಬಿಡಿ. ಗಾಳಿ ಜೋರಾದರೆ ಫೆರಿ ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯೋಲ್ಲ. ಅಂದು ಸಂಜೆ ಸೆಲ್ಯುಲಾರ್ ಜೈಲಿಗೆ ಹೋಗಿ. 1906ರಲ್ಲಿ ಕಟ್ಟಿ ಮುಗಿಸಿದಾಗ ಅದಕ್ಕೆ ರೆಕ್ಕೆಗಳ ಹಾಗೆ ಚಾಚಿಕೊಂಡ ಏಳು ಕಟ್ಟಡಗಳಿದ್ದವು, ಈಗ ಮೂರು ಉಳಿದಿವೆ. ಒಂದು ಕೋಣೆಯಲ್ಲಿ ಇದ್ದವರಿಗೆ ಇನ್ನೊಂದರಲ್ಲಿ ಇದ್ದವರ ಮುಖ ಕಾಣದ ಹಾಗೆ ಕಟ್ಟಿದ್ದಾರೆ.

ಬ್ಯಾಗ್ ಕಟ್ಟುವಾಗ ಒಮ್ಮೆ ಜೇಬು, ಪೌಚು ಎಲ್ಲ ಕೊಡವಿ ನೋಡಿ. ಹವಳದ ತುಂಡು ತರುವ ಹಾಗಿಲ್ಲ, ಸತ್ತಿದ್ದಾದರೂ ಸರಿ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ನನ್ನ ಗೆಳತಿಯ ಕನ್ನಡಕದ ಡಬ್ಬಿಯಲ್ಲಿ ಎರಡು ತುಂಡು ಇದ್ದವು. ಎಲ್ಲಿಂದ ಬಂತೇ ಅಂದರೆ, "ನಿನ್ನ ಕಾಲು ಕುಯ್ದಿದ್ದು ಇದೇ ಇರಬೇಕು ಕಣೇ, ನೆನಪಿಗೆ ಇರಲಿ ಅಂತ" ಅಂದಳು. ಹ್ಯಾವ್ಲಾಕ್ ಜೆಟ್ಟಿಯಲ್ಲೇ ನೀರಿಗೆ ಬಿಡಿಸಿದೆ.