ಎಲ್‌ಎಲ್‌ಎನ್: ವಯಸ್ಸಾದವರ ಶ್ವಾಸಕೋಶಕ್ಕೆ ‘ನಾರ್ಮಲ್’ ಅಂದರೆ ಎಷ್ಟು?

ಸ್ಪೈರೋಮೆಟ್ರಿ ಅಂದರೆ ಜೋರಾಗಿ ಊದಿಸಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆ. ಅದರ ರಿಪೋರ್ಟಿನಲ್ಲಿ ನಾವು ಊದಿದ ಅಳತೆಯ ಪಕ್ಕದಲ್ಲೇ ಒಂದು ಶೇಕಡಾ ಲೆಕ್ಕ ಇರುತ್ತದೆ: ನಮ್ಮ ವಯಸ್ಸು, ಎತ್ತರದವರಿಂದ ನಿರೀಕ್ಷಿಸುವ ಅಳತೆಯಲ್ಲಿ ನಾವು ಎಷ್ಟು ಪಾಲು ಊದಿದ್ದೇವೆ ಎಂದು. ಅದನ್ನು ಎಲ್ಲರೂ ಪರೀಕ್ಷೆಯ ಮಾರ್ಕ್ಸ್ ಥರ ನೋಡುತ್ತಾರೆ. 80 ದಾಟಿದರೆ ಪಾಸ್, ಇಲ್ಲದಿದ್ದರೆ ಗಾಬರಿ. ವಯಸ್ಸಾದವರ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಕಾಲಂ ಎಲ್‌ಎಲ್‌ಎನ್. ಲೋವರ್ ಲಿಮಿಟ್ ಆಫ್ ನಾರ್ಮಲ್, ಅಂದರೆ ನಾರ್ಮಲ್‌ನ ಕೆಳಗಿನ ಗೆರೆ.

ಸಿಗರೇಟು ಸೇದದ, ಶ್ವಾಸಕೋಶದ ಕಾಯಿಲೆ ಇಲ್ಲದ ಸಾವಿರಾರು ಜನರನ್ನು ಊದಿಸಿ ಅಳೆದು ಈ ಗೆರೆ ಎಳೆಯುತ್ತಾರೆ. ಅಂಥವರಲ್ಲಿ ಒಂದೇ ವಯಸ್ಸಿನ, ಒಂದೇ ಎತ್ತರದ ನೂರು ಗಂಡಸರನ್ನೋ ಹೆಂಗಸರನ್ನೋ ಸಾಲಾಗಿ ನಿಲ್ಲಿಸಿದರೆ, ಅತಿ ಕಡಿಮೆ ಊದಿದ ಐವರು ಗೆರೆಯ ಕೆಳಗೆ ಬರುತ್ತಾರೆ. ಆ ಐವರೂ ಆರೋಗ್ಯವಂತರೇ ಅಲ್ವಾ? ಹಾಗಾಗಿ ಗೆರೆಗಿಂತ ತುಸು ಕೆಳಗಿದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ.

ಶ್ವಾಸಕೋಶದ ಬಲ 20–25ರ ವಯಸ್ಸಿಗೆ ತುದಿ ಮುಟ್ಟುತ್ತದೆ. ಆಮೇಲೆ ಇಳಿಜಾರು. ಮೊದಲ ಒಂದು ಸೆಕೆಂಡಿನಲ್ಲಿ ಹೊರಗೆ ಊದುವ ಗಾಳಿ, ಅಂದರೆ ಎಫ್‌ಇವಿ1, ಆರೋಗ್ಯವಂತರಲ್ಲೂ ವರ್ಷಕ್ಕೆ ಸುಮಾರು 25–30 ಮಿಲಿಲೀಟರ್ ಕಡಿಮೆಯಾಗುತ್ತದೆ. ಶ್ವಾಸಕೋಶ ಹಳೇ ರಬ್ಬರಿನಂತೆ ಬಿಗಿ ಕಳೆದುಕೊಳ್ಳುತ್ತದೆ, ಎದೆಗೂಡು ಗಡುಸಾಗುತ್ತದೆ, ಉಸಿರಾಟದ ಸ್ನಾಯುಗಳೂ ಸೊರಗುತ್ತವೆ. ಪೂರ್ತಿ ಊದಿದ ಮೇಲೂ ಒಳಗೇ ಉಳಿಯುವ ಗಾಳಿ ಜಾಸ್ತಿಯಾಗುತ್ತದೆ.

ಒಟ್ಟು ಊದಿದ ಗಾಳಿಯಲ್ಲಿ ಎಫ್‌ಇವಿ1ರ ಪಾಲು 0.70ಕ್ಕಿಂತ ಕಡಿಮೆ ಇದ್ದರೆ ಗಾಳಿದಾರಿ ಕಿರಿದಾಗಿದೆ ಎನ್ನುವುದು ಬಹಳ ಬಳಕೆಯಲ್ಲಿರುವ ನಿಯಮ. ನೆನಪಿಟ್ಟುಕೊಳ್ಳಲು ಸುಲಭ, ನಿಜ. ಆದರೆ ಈ ಪಾಲೂ ವಯಸ್ಸಿನ ಜೊತೆ ಇಳಿಯುತ್ತದೆ. 80ರ ಆಸುಪಾಸಿನ ಆರೋಗ್ಯವಂತರಲ್ಲೂ 0.70ರ ಕೆಳಗೆ ಹೋಗುವುದುಂಟು. ಎಲ್ಲ ವಯಸ್ಸಿಗೂ ಒಂದೇ ಗೆರೆ ಎಳೆದರೆ ಮುದುಕರಿಗೆ ಸುಮ್ನೆ ಕಾಯಿಲೆಯ ಹೆಸರು ಅಂಟುತ್ತದೆ, ಹರೆಯದವರ ನಿಜವಾದ ಕಾಯಿಲೆ ತಪ್ಪಿಹೋಗುತ್ತದೆ. ಎಲ್‌ಎಲ್‌ಎನ್ ವಯಸ್ಸಿನ ಜೊತೆ ತಾನೂ ಕೆಳಗಿಳಿಯುವ ಗೆರೆ. ನನಗೆ ಅದೇ ನ್ಯಾಯ ಅನ್ನಿಸುತ್ತದೆ.

ಇನ್ನು ಎತ್ತರ. ವಯಸ್ಸಾದಂತೆ ಮನುಷ್ಯ ಕುಗ್ಗುತ್ತಾನೆ. ಆದ್ದರಿಂದ ಬಾಯಲ್ಲಿ ಹೇಳಿದ ಹಳೇ ಎತ್ತರ ಬರೆದುಕೊಳ್ಳದೆ ಅಳೆದೇ ನೋಡಬೇಕು. ಬೆನ್ನು ತೀರಾ ಬಾಗಿದ್ದರೆ ಚಾಚಿದ ಎರಡೂ ಕೈಗಳ ಅಗಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಯಾವ ಜನರನ್ನು ಅಳೆದು ಗೆರೆ ಎಳೆದರು ಅನ್ನುವುದೇ ದೊಡ್ಡ ತಕರಾರು. ಎತ್ತರ ಒಂದೇ ಇದ್ದರೂ ಮುಂಡದ ಉದ್ದ, ಬಾಲ್ಯದ ಪೋಷಣೆ, ಉಸಿರಾಡಿದ ಗಾಳಿ ಬೇರೆ ಬೇರೆ. ಈ ಗೆರೆ ಲೆಕ್ಕ ಹಾಕುವ 2012ರ ಜಾಗತಿಕ ಸೂತ್ರಗಳು 3ರಿಂದ 95 ವರ್ಷದವರೆಗೆ ಲೆಕ್ಕ ಕೊಟ್ಟವು, ಜನರನ್ನು ಜನಾಂಗವಾರು ಗುಂಪು ಮಾಡಿದವು. ಭಾರತೀಯರಿಗೆ ಅದರಲ್ಲಿ ಪ್ರತ್ಯೇಕ ಗುಂಪೇ ಇರಲಿಲ್ಲ. ಜನಾಂಗವಾರು ಲೆಕ್ಕದಲ್ಲಿ ಬಡತನದಿಂದಲೋ ಹೊಗೆಯಿಂದಲೋ ಆದ ನಷ್ಟವೂ ‘ನಾರ್ಮಲ್’ ಆಗಿಬಿಡಬಹುದು. 2023ರಲ್ಲಿ ಅಮೆರಿಕದ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ ಜನಾಂಗ ನೋಡದ ಒಂದೇ ಸೂತ್ರವನ್ನು ಬಳಸಲು ಹೇಳಿತು.

ಸೂತ್ರ ಬದಲಾದರೆ ಅದೇ ಊದುವಿಕೆಗೆ ಬೇರೆ ಶೇಕಡಾ ಬರುತ್ತದೆ. ಹಳೇ ರಿಪೋರ್ಟಿನ ಪಕ್ಕ ಹೊಸದನ್ನು ಇಟ್ಟು ನೋಡುವಾಗ ಮೊದಲು ಲೀಟರ್ ಲೆಕ್ಕ ಹೋಲಿಸಿ, ಆಮೇಲೆ ಶೇಕಡಾ.